ಕೋರ್ಟು ಏಳುವ ತನಕ

ನನಗೆ ಹೆದರಿಕೆಯಾದಾಗ ಮೊದಲು ಬರುವುದು ಸಿಟ್ಟು. ಇದು ಅಪ್ಪನಿಂದ ಬಂದ ಗುಣ. ಗಾಳಿ ಎದ್ದರೆ ಅವನು ದೋಣಿಯಲ್ಲಿದ್ದವರನ್ನೆಲ್ಲ ಬೈಯುತ್ತಿದ್ದ. ಎಷ್ಟು ಬೈಯುತ್ತಾನೋ ಅಷ್ಟು ಹೆದರಿದ್ದಾನೆ ಎಂದು ಜೊತೆಯವರಿಗೆ ಗೊತ್ತಿತ್ತು. ಹಾಗಾಗಿ ಎಂಬತ್ತರ ದಶಕದ ಮೊದಲಲ್ಲಿ, ಭಟ್ಕಳದ ಒಂದು ಆಸ್ಪತ್ರೆಯ ಡ್ರೆಸಿಂಗ್ ಕೋಣೆಯಲ್ಲಿ ಕೂತು ಅರ್ಜಿ ತುಂಬುತ್ತಿದ್ದ ನಾನು ಇದ್ದಕ್ಕಿದ್ದಂತೆ ಆಯಾಳ ಮೇಲೆ ಹರಿಹಾಯ್ದೆನಲ್ಲ, ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಪಾಪ, ಫಿನಾಯಿಲಿನ ಬಕೆಟ್ ಇಟ್ಟು ಹೋಗಲು ಬಂದಿದ್ದಳು. ತಪ್ಪು ಇದ್ದದ್ದು ಅರ್ಜಿಯ ಎರಡನೇ ಪುಟದಲ್ಲಿ. ನಿಮಗೆ ಯಾವುದೇ ಕೋರ್ಟಿನಿಂದ ಎಂದಾದರೂ ಶಿಕ್ಷೆ ಆಗಿದೆಯೇ, ಆಗಿದ್ದರೆ ವಿವರ ಕೊಡಿ ಎಂದು ಅಲ್ಲಿ ಇಂಗ್ಲಿಷಿನಲ್ಲಿ ಕೇಳಿದ್ದರು. ಉತ್ತರಕ್ಕೆ ಬಿಟ್ಟಿದ್ದ ಜಾಗ ಒಂದು ಬೆರಳಿನಷ್ಟು ಉದ್ದ.

ಆಗ ನಮ್ಮ ಕಡೆ ಗಂಡಸರು ನರ್ಸ್ ಆಗುವುದು ಅಪರೂಪ. ಹೆಂಗಸರನ್ನು ಸಿಸ್ಟರ್ ಎನ್ನುವ ಹಾಗೆ ನಮ್ಮನ್ನು ಬ್ರದರ್ ಎನ್ನಬೇಕು. ಹಳ್ಳಿಯಿಂದ ಬಂದ ಅಜ್ಜಿಯರು ಅದನ್ನೆಲ್ಲ ಕೇಳುವವರಲ್ಲ. “ಗಂಡ್ ಸಿಸ್ಟರ್ನ ಕರೀರಿ, ಅವ್ನ ಸೂಜಿ ನೋಯೂದಿಲ್ಲ” ಎನ್ನುತ್ತಿದ್ದರು. ಆ ಮಾತು ಕೇಳಿ ನಾನು ಒಳಗೊಳಗೇ ಉಬ್ಬುತ್ತಿದ್ದೆ. ಘಟ್ಟದ ಮೇಲೆ ಮೂರು ವರ್ಷ ಕಲಿತು, ಪರೀಕ್ಷೆ ಪಾಸು ಮಾಡಿ, ಈ ಕೆಲಸ ಹಿಡಿದಿದ್ದೆ. ಆದರೆ ಕೆಲಸದ ಕಾಗದದಲ್ಲಿ ಒಂದು ಷರತ್ತಿತ್ತು. ಬೆಂಗಳೂರಿನ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಿ, ಅದರ ನಂಬರನ್ನು ಆರು ತಿಂಗಳೊಳಗೆ ತೋರಿಸಬೇಕು. ನಂಬರ್ ಇಲ್ಲದಿದ್ದರೆ ಕೆಲಸವಿಲ್ಲ. ಕಲಿತ ಮೂರು ವರ್ಷ ನೀರಿನಲ್ಲಿ ಹೋಮ, ಮತ್ತೆ ತದಡಿಯ ಬಂದರಿನಲ್ಲಿ ಐಸು ಒಡೆಯುವುದೇ ಗತಿ. ಮಗ ಆಸ್ಪತ್ರೆಯವನಾದ ಎಂದು ಅವ್ವ ಇಡೀ ಕೇರಿಗೆ ಹೇಳಿ ಮುಗಿಸಿದ್ದಳು.

ಶಿಕ್ಷೆ ಆಗಿದೆಯೇ? ಆಗಿತ್ತು ಅನ್ನಬೇಕೋ ಇಲ್ಲ ಅನ್ನಬೇಕೋ ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವೆ, ನನಗೆ ಇಪ್ಪತ್ತೊಂದು ವರ್ಷ ಇದ್ದಾಗ, ತದಡಿಯಿಂದ ಕುಮಟೆಗೆ, ಹೊನ್ನಾವರಕ್ಕೆ ಮೀನು ಒಯ್ಯುವ ಟೆಂಪೊ ಓಡಿಸುತ್ತಿದ್ದೆ. ಅವ್ವನ ಅಣ್ಣ, ಅಂದರೆ ನನ್ನ ಮಾವ, ಒಂದು ಹೊಸ ಬೋಟು ಕಟ್ಟಿಸಿದ. ನಮ್ಮಲ್ಲಿ ಬೋಟನ್ನು ಮೊದಲ ಸಲ ನೀರಿಗೆ ಇಳಿಸುವಾಗ ಜಟಗನಿಗೆ ಕೊಡುವ ಪದ್ಧತಿಯಿದೆ. ಜಟಗ ನಮ್ಮ ದಂಡೆ ಕಾಯುವ ದೈವ. ಗುಡಿಯಿಲ್ಲ, ಮರದ ಬುಡದಲ್ಲಿ ಒಂದು ಕಲ್ಲು. ಅವನಿಗೆ ಕೋಳಿ, ತೆಂಗಿನಕಾಯಿ, ಜೊತೆಗೆ ಸಾರಾಯಿ. ಕಲ್ಲಿಗೆ ಒಂದು ಲೋಟ ಎರೆದ ಮೇಲೆ ಉಳಿದದ್ದು ಪ್ರಸಾದ. ಬೋಟಿಗೆ ಹೆಗಲು ಕೊಟ್ಟು ನೂಕಿದವರೆಲ್ಲ ಅದನ್ನು ಕುಡಿಯಬೇಕು. ಒಲ್ಲೆ ಎಂದರೆ ಬೋಟಿಗೆ ಕೇಡು ಬಯಸಿದ ಹಾಗೆ. ಬೆಳಗಿನ ಮುಹೂರ್ತದಲ್ಲಿ ನಾನೂ ನೂಕಿದೆ, ನಾನೂ ಕುಡಿದೆ. ಆಮೇಲೆ ಐಸು ಹಾಕಿದ ಮೀನಿನ ಪೆಟ್ಟಿಗೆಗಳು ಕಾಯುತ್ತಿದ್ದವು ಎಂದು ಟೆಂಪೊ ಹತ್ತಿದೆ. ಕುಡಿದು ಗಾಡಿ ಹತ್ತಿದ್ದೇನೆ ಎಂದು ದೇವರಾಣೆಗೂ ನನಗೆ ಅನಿಸಲಿಲ್ಲ. ಕುಡಿಯುವುದು ಎಂದರೆ ಸಂಜೆ ಅಂಗಡಿಗೆ ಹೋಗಿ ಕುಡಿಯುವುದು. ಇದು ಪ್ರಸಾದ.

ಪಕ್ಕದ ಸೀಟಿನಲ್ಲಿ ಚಿಕ್ಕಿ ಕೂತಿದ್ದಳು. ರಕ್ತಸಂಬಂಧವೇನಲ್ಲ, ನಮ್ಮ ಮನೆಯಿಂದ ನಾಲ್ಕನೇ ಮನೆಯವಳು, ಕೇರಿಯ ಮಕ್ಕಳಿಗೆಲ್ಲ ಚಿಕ್ಕಿ. ತಲೆಯ ಮೇಲೆ ಬುಟ್ಟಿ ಹೊತ್ತು ಹೊನ್ನಾವರದ ಮನೆಮನೆಗೆ ಮೀನು ಮಾರುತ್ತಿದ್ದಳು. ಹಳದೀಪುರ ದಾಟಿದ ಮೇಲೆ ಒಂದು ತಿರುವಿನಲ್ಲಿ ಎದುರಿಗೆ ಎಮ್ಮೆ ಬಂತು ಎಂದು ನಾನು ಬಹಳ ವರ್ಷ ಹೇಳುತ್ತಿದ್ದೆ. ಎಮ್ಮೆ ಬಂದದ್ದು ನಿಜ. ಆದರೆ ಅದು ದೂರದಲ್ಲಿತ್ತು. ಟೆಂಪೊ ಮೋರಿಯ ಕಟ್ಟೆಗೆ ಬಡಿದು ವಾಲಿತು. ನನಗೆ ಹಣೆಯಲ್ಲಿ ಒಂದು ಗೀರು. ಚಿಕ್ಕಿಯ ಬಲಗೈ ಮೊಣಕೈಯ ಹತ್ತಿರ ಮುರಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು “ಬಾಯಿ ಊದು” ಎಂದರು, ಊದಿದೆ. ಹತ್ತಿರವಿದ್ದ ಪೊಲೀಸರಿಗೆ, “ಕುಡಿದಿಲ್ಲ ಸ್ವಾಮೀ, ಜಟಗನ ಪ್ರಸಾದ ತಕಂಡಿದ್ದೆ” ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

ಕೇಸು ಹೊನ್ನಾವರದ ಕೋರ್ಟಿಗೆ ಹೋಯಿತು. ಮಾವ ವಕೀಲರ ಗುಮಾಸ್ತನೊಬ್ಬನನ್ನು ಕೇಳಿಕೊಂಡು ಬಂದು, “ಹೌದು ಅಂದ್ಬಿಡು, ದಂಡ ಕಟ್ಟಿ ಮನೆಗೆ ಬಪ್ಪುದು. ಇಲ್ಲ ಅಂದ್ರೆ ವರ್ಷಗಟ್ಲೆ ತಿರುಗ್ಬೇಕು” ಎಂದ. ನಮ್ಮ ಕಡೆಯ ಡ್ರೈವರುಗಳೆಲ್ಲ ಹಾಗೇ ಮಾಡುತ್ತಿದ್ದರು. ಆ ದಿನ ದೀಪವಿಲ್ಲದೆ ಓಡಿಸಿದವರು, ಹೆಚ್ಚು ಜನ ಹೇರಿದವರು ಎಲ್ಲ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರೂ ಹೌದು ಸ್ವಾಮಿ ಎಂದರು, ನಾನೂ ಹೌದು ಸ್ವಾಮಿ ಎಂದೆ. ಜಡ್ಜು ಏನೋ ಓದಿದರು. ಜವಾನ ಗೋಡೆ ಬದಿಯ ಬೆಂಚು ತೋರಿಸಿ, “ಅಲ್ಲಿ ಕೂತ್ಕ, ಕೋರ್ಟು ಏಳೂತನ್ಕ ಏಳಬೇಡ” ಎಂದ. ದಂಡ ಕಟ್ಟಿದ್ದಕ್ಕೆ ರಸೀದಿ ಬರೆಯಲು ಹೊತ್ತಾಗುತ್ತದೆ ಎಂದುಕೊಂಡು ಕೂತೆ. ನಡುವೆ ಒಮ್ಮೆ ಎದ್ದು ಹೊರಗೆ ಹೋಗಿ ಮೂತ್ರ ಮಾಡಿ ಬಂದೆ. ಸಂಜೆ ಜಡ್ಜು ಎದ್ದರು, ಎಲ್ಲರೂ ಎದ್ದರು, ನಾನೂ ಎದ್ದು ಮನೆಗೆ ಬಂದು ಬಂಗಡೆ ಸಾರು ಉಂಡೆ. ಮುಗಿಯಿತು ಎಂದುಕೊಂಡೆ.

ಚಿಕ್ಕಿಯನ್ನು ಕುಮಟೆಯ ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಪ್ಲಾಸ್ಟರು ಹಾಕಿಸುವುದು, ತೆಗೆಸುವುದು, ಕೈ ಆಡಿಸುವ ವ್ಯಾಯಾಮ. ಅಲ್ಲಿಯ ಡಾಕ್ಟರು ನಾನು ಅವಳ ಕೈ ಹಿಡಿಯುವ ರೀತಿ ನೋಡಿ, ಗಂಡಸರಿಗೂ ನರ್ಸಿಂಗ್ ಸೀಟು ಇರುತ್ತದೆ, ಅರ್ಜಿ ಹಾಕು ಎಂದರು. ನಾನು ಕಲಿತ ಶಾಲೆಯ ಹೆಡ್‌ಮಾಸ್ತರರು ಸಾಧು ಹುಡುಗ ಎಂದು ಕಾಗದ ಕೊಟ್ಟರು. ಆಗ ಯಾರೂ ಕೋರ್ಟಿನ ವಿಷಯ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ಕೇಳಿದ್ದರು. ನಮ್ಮ ಆಸ್ಪತ್ರೆಯ ಹೆಡ್ ಕ್ಲರ್ಕು ಒಳ್ಳೆಯ ಮನುಷ್ಯ, ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಅವರಿಗೆ ವಿಷಯ ಹೇಳಿದೆ. “ಎಂತಕ್ಕೆ ತಲೆ ಕೆಡಿಸ್ಕಂತ್ರಿ ಬ್ರದರ್? ದಂಡ ಕಟ್ಟಿದ್ದು ಶಿಕ್ಷೆ ಅಲ್ಲ. ಇಲ್ಲ ಅಂತ ಬರೀರಿ. ಬೆಂಗ್ಳೂರಲ್ಲಿ ಕೂತವ್ರಿಗೆ ಹಳದೀಪುರದ ಮೋರಿ ಕಾಣ್ತದ?” ಎಂದರು. ನಾನು ‘ಇಲ್ಲ’ ಎಂದು ಬರೆದು, ಮೇಟ್ರನ್ ಸಹಿಗೆಂದು ಅರ್ಜಿಯನ್ನು ಅವರ ಕೈಗೇ ಕೊಟ್ಟೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಮುಂದಿನ ಹದಿನೈದು ದಿನಗಳಲ್ಲಿ. ಖಾಕಿ ಬಟ್ಟೆ ಕಂಡರೆ ಪಕ್ಕದ ಓಣಿಗೆ ತಿರುಗುತ್ತಿದ್ದೆ. ಅಂಚೆಯವನದೂ ಖಾಕಿ, ಬಸ್ಸಿನ ಕಂಡಕ್ಟರನದೂ ಖಾಕಿ. ನಾಡಿ ಎಣಿಸುತ್ತ ಎಣಿಸುತ್ತ ಲೆಕ್ಕ ತಪ್ಪುತ್ತಿತ್ತು. ರೋಗಿಯ ನಾಡಿಗಿಂತ ನನ್ನದೇ ಜೋರಾಗಿ ಕೇಳುತ್ತಿತ್ತು. ಊಟ ಸೇರುತ್ತಿರಲಿಲ್ಲ. ಸಿಕ್ಕಸಿಕ್ಕವರ ಮೇಲೆ ಸಿಡುಕುತ್ತಿದ್ದೆ.

ಅಂಥದರಲ್ಲಿ ಹರ್ನಿಯಾ ಆಪರೇಷನ್ನಿಗೆಂದು ಒಬ್ಬ ಪೊಲೀಸು ಬಂದು ಸೇರಿದರು. ಹೊನ್ನಾವರದಲ್ಲಿ ಬಹಳ ವರ್ಷ ಇದ್ದ ಹವಾಲ್ದಾರರು. ಆಪರೇಷನ್ನಿಗೆ ಮೊದಲು ಗಂಡಸರ ಕ್ಷೌರ ಮಾಡುವುದು ಬ್ರದರನ ಕೆಲಸ. ಹೊಟ್ಟೆಯ ಕೆಳಗೆ ಸೋಪು ಹಚ್ಚಿ ಕತ್ತಿ ಇಡುವಷ್ಟರಲ್ಲಿ ಅವರು ನನ್ನ ಮುಖವನ್ನೇ ನೋಡುತ್ತ, “ನಿನ್ನ ಎಲ್ಲೋ ಕಂಡಂಗ್ ಆಗ್ತದಲ್ಲ” ಎಂದರು. ಅಂಥ ಜಾಗದಲ್ಲಿ ಕತ್ತಿ ಹಿಡಿದವನು ನಾನು, ಹೆದರಬೇಕಾದವರು ಅವರು. ಆದರೆ ಕತ್ತಿ ಕೆಳಗಿಟ್ಟು ಇನ್ನೊಮ್ಮೆ ಸೋಪು ಹಚ್ಚತೊಡಗಿದವನು ನಾನು.

“ಮೀನ್ ಟೆಂಪೊ ಹೊಡೀತಿದ್ದೆ” ಎಂದೆ.

“ಹಾಂ, ಅದೇ! ಒಳ್ಳೇ ಕೆಲ್ಸ ಹಿಡ್ದೆ ಮಾರಾಯ. ಸರ್ಕಾರದ್ದಾ ಇದು? ರಿಜಿಸ್ಟ್ರಿ ಎಲ್ಲ ಆತಾ?”

“ಅರ್ಜಿ ಕೊಟ್ಟಿದ್ದೆ.”

“ಹಂಗಾದ್ರೆ ಸ್ಟೇಶನ್ನಿಗೆ ಕಾಗದ ಬರ್ತದೆ. ನಾವು ಹಳೇ ಪುಸ್ತಕ ಎಲ್ಲ ತೆಗ್ದು ನೋಡಿ ಬರೀಬೇಕು. ಚಿಂತೆ ಬೇಡ, ಒಳ್ಳೇದೇ ಬರೀತ್ರು” ಎಂದು ಕಣ್ಣು ಮುಚ್ಚಿದರು. ಅವರಿಗೆ ನನ್ನ ಕೇಸಿನ ನೆನಪೇ ಇರಲಿಲ್ಲ. ಪುಸ್ತಕಕ್ಕೆ ಇರುತ್ತದಲ್ಲ.

ಕ್ಷೌರ ಮುಗಿಸಿ, ಕೈ ತೊಳೆದು, ಓಡಿದೆ. ಹೆಡ್ ಕ್ಲರ್ಕಿನ ಟ್ರೇಯಲ್ಲಿ ನನ್ನ ಅರ್ಜಿ ಇನ್ನೂ ಮಲಗಿತ್ತು. ಮೇಟ್ರನ್ ರಜೆಯ ಮೇಲೆ ಊರಿಗೆ ಹೋಗಿದ್ದರು, ಸಹಿ ಆಗಿರಲಿಲ್ಲ. ಆ ಕ್ಷಣ ಆದ ಸಂತೋಷಕ್ಕೆ ಕಣ್ಣಲ್ಲಿ ನೀರೇ ಬಂತು. ಆದರೆ ಅರ್ಜಿ ಕೈಗೆ ಬಂದ ಕೂಡಲೇ ಮುಂದೇನು ಎಂಬ ಪ್ರಶ್ನೆಯೂ ಬಂತು. ಹೌದು ಎಂದು ಬರೆದರೂ ಕೆಲಸ ಹೋದೀತು, ಇಲ್ಲ ಎಂದು ಬರೆದರೂ ಹೋದೀತು.

ಮೇಟ್ರನ್ ಕೇರಳದ ಕಡೆಯವರು. ಕನ್ನಡವನ್ನು ಪುಸ್ತಕದಿಂದ ಕಲಿತು ಪುಸ್ತಕದ ಹಾಗೇ ಮಾತಾಡುತ್ತಿದ್ದರು. ಅವರು ರಜೆ ಮುಗಿಸಿ ಬಂದ ದಿನ ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ಬೈದಿದ್ದರೆ ಸುಲಭವಾಗುತ್ತಿತ್ತು. ಅವರು, “ಕೋರ್ಟಿನ ಆದೇಶದ ನಕಲು ತೆಗೆದುಕೊಂಡು ಬನ್ನಿ ಬ್ರದರ್. ನಿಮಗೆ ನೆನಪಿರುವುದು ಬೇರೆ, ಕಾಗದದಲ್ಲಿ ಇರುವುದು ಬೇರೆ” ಎಂದರು.

ಹೊನ್ನಾವರದ ಕೋರ್ಟಿನಲ್ಲಿ ಕೇಸಿನ ನಂಬರ್ ಕೇಳಿದರು. ನನಗೆ ಗೊತ್ತಿದ್ದದ್ದು ಮಾವನ ಬೋಟು ಇಳಿಸಿದ ವರ್ಷ ಮಾತ್ರ. ನಕಲು ಕೊಡುವ ಮುದುಕ ಗುಮಾಸ್ತರು ಊಟ ಮುಗಿಸಿ ಬಂದು, ದಪ್ಪ ಪುಸ್ತಕ ತೆಗೆದು, ಬೆರಳು ಒದ್ದೆ ಮಾಡಿಕೊಂಡು ಹಾಳೆ ತಿರುಗಿಸತೊಡಗಿದರು. “ಕುಡ್ದು ಗಾಡಿ ಹೊಡ್ದದ್ದನ?” ಎಂದು ಅಂಗಳದಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಕೇಳಿದರು. ಹೌದು ಎಂದು ಪಿಸುಗುಟ್ಟಿದೆ. ಎರಡನೇ ಸಲ ಹೋದಾಗ ನಕಲು ಸಿಕ್ಕಿತು. ಅರ್ಧ ಹಾಳೆ. ಆರೋಪಿ ತಪ್ಪು ಒಪ್ಪಿಕೊಂಡಿದ್ದರಿಂದ ದಂಡ, ಮತ್ತು ಕೋರ್ಟು ಏಳುವ ತನಕ ಸಾದಾ ಸಜೆ.

“ಸಜೆ ಅಂದ್ರೆ ಎಂತದು?” ಎಂದೆ.

“ಸಜೆ ಅಂದ್ರೆ ಸಜೆ. ಜೈಲು.”

“ನಾ ಜೈಲಿಗೆ ಹೋಗ್ಲೇ ಇಲ್ವಲ್ಲ!”

ಮುದುಕರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಬೆಂಚಿನ ಮೇಲೆ ಕೂಡ್ಸಿದ್ರ ಇಲ್ಲ? ಜಡ್ಜು ಏಳೂತನ್ಕ ಕೂತಿದ್ಯ ಇಲ್ಲ? ಅದೇ ಜೈಲು.”

ಎಷ್ಟೋ ವರ್ಷ ನಾನು ರಸೀದಿಗೆ ಕಾದ ಬೆಂಚು ಅದು ಎಂದುಕೊಂಡಿದ್ದೆ. ನಾನು ಜೈಲಿಗೆ ಹೋಗಿ ಬಂದವನು, ಮತ್ತು ಅದು ನನಗೇ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದಾಗ ಇನ್ನೊಂದು ನೆನಪಾಗಿ ಕಾಲು ನಿಂತುಬಿಟ್ಟಿತು. ನಡುವೆ ಎದ್ದು ಮೂತ್ರಕ್ಕೆ ಹೋಗಿದ್ದೆನಲ್ಲ, ಅದು ಜೈಲಿನಿಂದ ತಪ್ಪಿಸಿಕೊಂಡ ಲೆಕ್ಕವಾಗುತ್ತದೆಯೇ? ಇದನ್ನು ಯಾರನ್ನು ಕೇಳುವುದು? ಭಟ್ಕಳ ತಲುಪುವ ತನಕ ಅದೇ ಚಿಂತೆ. ಈಗ ನಗು ಬರುತ್ತದೆ, ಆ ದಿನ ಬರಲಿಲ್ಲ.

ಹಳೆಯ ಅರ್ಜಿ ಹರಿದು ಹೊಸದನ್ನು ತುಂಬಿದೆ. ಹೌದು ಎಂದು ಬರೆದೆ. ಜೊತೆಗೆ ವಿವರಣೆಯ ಪತ್ರ ಬೇಕಿತ್ತು. ಎರಡು ಪುಟ ಬರೆದೆ. ನಮ್ಮ ಕುಲದ ಪದ್ಧತಿ, ಜಟಗನ ಮಹಿಮೆ, ಪ್ರಸಾದ ಒಲ್ಲೆ ಎಂದರೆ ಬರುವ ಕೇಡು, ಎಮ್ಮೆ, ಎಲ್ಲವೂ ಅದರಲ್ಲಿತ್ತು. ಮೇಟ್ರನ್ ಓದಿ ಕೆಳಗಿಟ್ಟರು.

“ದೇವರಿಗೆ ಎಷ್ಟು ಲೋಟ ಎರೆದಿರಿ?”

“ಒಂದು.”

“ನೀವು ಎಷ್ಟು ಕುಡಿದಿರಿ?”

ಪತ್ರವನ್ನು ನನ್ನ ಕಡೆ ಎಳೆದುಕೊಂಡೆ. ಅವರು ಕಾದರು. “ಮೂರು” ಎಂದೆ.

“ಮೊದಲನೆಯದು ಪ್ರಸಾದ, ಒಪ್ಪುತ್ತೇನೆ. ಉಳಿದ ಎರಡು ಯಾರದು?”

ನನಗೆ ಮೈಯೆಲ್ಲ ಉರಿಯಿತು. ಮೀನಿನ ಕೇರಿಯ ಕಷ್ಟ ಇವರಿಗೇನು ಗೊತ್ತು ಎಂದು ಬಾಯ ತುದಿಗೆ ಬಂದಿತ್ತು. ಹೇಳಲಿಲ್ಲ, ಯಾಕೆಂದರೆ ಉತ್ತರ ನನಗೆ ಗೊತ್ತಿತ್ತು. ಎರಡನೇ ಲೋಟ ರುಚಿಯಾಗಿತ್ತೆಂದು ಕುಡಿದಿದ್ದೆ. ಮೂರನೆಯದು ಮಾವನ ಮಗ ಸವಾಲು ಹಾಕಿದನೆಂದು ಕುಡಿದಿದ್ದೆ. ಮೇಟ್ರನ್ ಮತ್ತೆ ಪತ್ರ ನೋಡಿ, “ಒಬ್ಬ ಪ್ರಯಾಣಿಕರಿಗೆ ಪೆಟ್ಟಾಯಿತು ಎಂದು ಬರೆದಿದ್ದೀರಿ. ನೀವು ನರ್ಸ್. ಎಲ್ಲಿಗೆ ಪೆಟ್ಟಾಯಿತು, ಯಾವ ಕೈ, ಈಗ ಹೇಗಿದೆ, ಬರೆಯಿರಿ” ಎಂದರು. ಪತ್ರ ಕೊನೆಗೆ ಐದು ಸಾಲು ಆಯಿತು. ಮೂರು ಲೋಟ ಕುಡಿದು ಗಾಡಿ ಓಡಿಸಿದೆ ಎಂಬುದು ಮೊದಲ ಸಾಲು. ಬಲ ಮೊಣಕೈ ಪೂರ್ತಿ ಮಡಚುವುದಿಲ್ಲ ಎಂಬುದು ಕೊನೆಯದು.

ಅರ್ಜಿ ಹೋಯಿತು. ಕಾಯುವುದು ಉಳಿಯಿತು. ನಂಬರ್ ಬರುವ ತನಕ ಸೂಜಿ ಚುಚ್ಚುವ ಹಾಗಿಲ್ಲ ಎಂದು ಮೇಟ್ರನ್ ಕಟ್ಟುನಿಟ್ಟು ಮಾಡಿದರು. ಹಾಸಿಗೆ ಬದಲಿಸುವುದು, ಮಲಪಾತ್ರೆ ತೊಳೆಯುವುದು, ಕ್ಷೌರ, ಸ್ಟ್ರೆಚರು. ಅಜ್ಜಿಯರು ಗಂಡ್ ಸಿಸ್ಟರ್ ಎಲ್ಲಿ ಎಂದು ಕೇಳಿದರೆ ನಾನು ಸ್ಟೋರ್ ರೂಮಿಗೆ ಹೋಗಿಬಿಡುತ್ತಿದ್ದೆ. ಎರಡು ತಿಂಗಳ ಮೇಲೆ ಬೆಂಗಳೂರಿನಿಂದ ಒಂದು ಕಾಗದ ಬಂತು. ಪೊಲೀಸರ ವರದಿ ಬೇಕು, ಈಗ ಕುಡಿತವಿಲ್ಲ ಎಂದು ಡಾಕ್ಟರರ ಪ್ರಮಾಣಪತ್ರ ಬೇಕು. ಕಳಿಸಿ ಮತ್ತೆ ಕಾದೆ.

ಆ ನಡುವೆ ಮಳೆಗಾಲ ಮುಗಿದು ಬೋಟುಗಳು ಮತ್ತೆ ನೀರಿಗೆ ಇಳಿಯುವ ಕಾಲ ಬಂತು. ಊರಿಗೆ ಹೋಗಿ ಮಾವನ ಬೋಟಿಗೆ ಹೆಗಲು ಕೊಟ್ಟೆ. ಲೋಟ ನನ್ನ ಮುಂದೆ ಬಂದಾಗ ಬೆರಳು ಅದ್ದಿ ಕಣ್ಣಿಗೆ ಒತ್ತಿಕೊಂಡು ಮುಂದಿನವನಿಗೆ ದಾಟಿಸಿದೆ. “ಜಟಗನಕಿಂತ ನಿಂಗೆ ಬೆಂಗ್ಳೂರೇ ದೊಡ್ಡದಾತಾ?” ಎಂದ ಮಾವ. ಆ ವರ್ಷ ಅವನ ಬೋಟಿಗೆ ಮೀನು ಕಡಿಮೆಯಾದಾಗಲೆಲ್ಲ ನನ್ನ ಹೆಸರು ಬರುತ್ತಿತ್ತಂತೆ. ನನಗೂ ಒಳಗೆ ಅಳುಕಿತ್ತು. ಬೋಟಿಗೆ ಏನಾದರೂ ಆದರೆ ಎಂದು ಸಮುದ್ರದ ಕಡೆ ನೋಡಿದಾಗಲೆಲ್ಲ ಕೈ ಮುಗಿಯುತ್ತಿದ್ದೆ.

ಷರತ್ತಿನ ಆರು ತಿಂಗಳು ಮುಗಿಯಲು ಹನ್ನೊಂದು ದಿನ ಇದ್ದಾಗ ಉದ್ದನೆಯ ಲಕೋಟೆ ಬಂತು. ಮೇಟ್ರನ್ ಎದುರಿಗೇ ಒಡೆದೆ. ನನ್ನ ಹೆಸರು, ಅದರ ಮುಂದೆ ನಂಬರ್. ಇನ್ನೊಮ್ಮೆ ಇಂಥದಾದರೆ ಹೆಸರು ತೆಗೆಯಲಾಗುವುದು ಎಂಬ ಒಂದು ಎಚ್ಚರಿಕೆಯ ಸಾಲು. ನಾನು ಹುಚ್ಚನಂತೆ ನಕ್ಕೆ. ಮೇಟ್ರನ್ ಕೈ ಕುಲುಕಿ, “ಮೂರನೇ ಹಾಸಿಗೆಯವರಿಗೆ ಇಂಜೆಕ್ಷನ್ ಇದೆ, ಹೋಗಿ” ಎಂದರು.

ಭಾನುವಾರ ಕುಮಟೆಗೆ ಹೋದೆ. ಚಿಕ್ಕಿ ಆಗ ಕುಮಟೆಯ ಮೀನು ಪೇಟೆಯಲ್ಲಿ ಕೂತು ಮಾರುತ್ತಿದ್ದಳು. ಬುಟ್ಟಿಯನ್ನು ತಲೆಗೆ ಏರಿಸಲು ಆಗುತ್ತಿರಲಿಲ್ಲವಾದ್ದರಿಂದ ಮನೆಮನೆಯ ವ್ಯಾಪಾರ ಬಿಟ್ಟಿದ್ದಳು. ನಾನು ಖುಷಿಯಲ್ಲಿ ನಿಂತುಕೊಂಡೇ ಎಲ್ಲ ಹೇಳಿದೆ. ಕೋರ್ಟು, ನಕಲು, ಪೊಲೀಸು, ಡಾಕ್ಟರು, ಬೆಂಗಳೂರು. ಅವಳು ನೊಣ ಓಡಿಸುತ್ತ ಕೇಳಿದಳು.

“ಒಳ್ಳೇದಾತು ತಮಾ. ಕೋರ್ಟಿನವ್ರ ಹತ್ರ ಕೇಳಿದ್ರು ಅಂದೆ, ಪೊಲೀಸ್ರ ಹತ್ರ ಕೇಳಿದ್ರು, ಡಾಕ್ಟ್ರ ಹತ್ರನೂ ಕೇಳಿದ್ರು. ನನ್ ಹತ್ರ ಯಾರೂ ಬರ್ಲೇ ಇಲ್ಲಲ್ಲ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸುಮ್ಮನೆ ಕೇಳಿದ್ದಳು. ಅವಳ ಕೈಯ ವಿವರವನ್ನು ಸರಿಯಾಗಿ ಬರೆದು ಬೆಂಗಳೂರಿಗೆ ಕಳಿಸಿದ್ದೆ, ಆದರೆ ಬರೆಯುವ ಮೊದಲು ಅವಳ ಹತ್ತಿರ ಬಂದಿರಲಿಲ್ಲ. ಅವತ್ತಿನ ವರೆಗೆ ತಪ್ಪಾಯಿತು ಎಂಬ ಮಾತನ್ನು ಜಡ್ಜಿಗೆ ಹೇಳಿದ್ದೆ, ಮೇಟ್ರನ್ನಿಗೆ ಹೇಳಿದ್ದೆ, ಕಂಡರಿಯದ ಕೌನ್ಸಿಲ್ಲಿಗೂ ಹೇಳಿದ್ದೆ.

“ಈಗ ನಾ ಕೇಳ್ತೆ ಚಿಕ್ಕಿ. ತಪ್ಪಾತು. ನೀ ಏನ್ ಹೇಳ್ತೆ?” ಎಂದೆ.

ಅವಳು ಎಡಗೈಯಲ್ಲಿ ತಕ್ಕಡಿ ಎತ್ತಿ ಗಿರಾಕಿಯೊಬ್ಬರಿಗೆ ಮೀನು ತೂಗಿದಳು. ಚಿಲ್ಲರೆ ಎಣಿಸಿ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ, “ವಿಚಾರ ಮಾಡಿ ಹೇಳ್ತೆ. ಈಗ ಹೋಗು, ಗಿರಾಕಿ ಹೊತ್ತು” ಎಂದಳು.

ಆಮೇಲೆ ಎಷ್ಟೋ ಸಲ ಆ ಪೇಟೆಗೆ ಹೋಗಿದ್ದೇನೆ. ಪ್ರತಿ ಸಲವೂ ಚಿಕ್ಕಿ ಒಳ್ಳೆಯ ಮೀನನ್ನೇ ಆರಿಸಿ ಕೊಟ್ಟಳು, ಅವ್ವನ ಮಂಡಿನೋವು ವಿಚಾರಿಸಿದಳು, ನನ್ನ ಮದುವೆಗೂ ಬಂದು ಉಂಡು ಹೋದಳು. ಆ ಒಂದು ಮಾತಿಗೆ ಮಾತ್ರ ಉತ್ತರ ಕೊಡಲಿಲ್ಲ. ನಾನೂ ಎರಡನೇ ಸಲ ಕೇಳಲಿಲ್ಲ.